ತಲೆಗೆ ಸರಿಹೊಂದುವ ಹೆಲ್ಮೆಟ್, ಜೇಬಿಗೆ ಭಾರವಾಗದ ಹೆಲ್ಮೆಟ್: ರೋಡ್ ಸೈಕಲ್ ಓಡಿಸುವವರಿಗೆ

ನನ್ನ ಮೇಜಿನ ಮೇಲೆ ಒಂದು ಹಳೇ ಹೆಲ್ಮೆಟ್ ಇದೆ. ಹೊರಗಿನಿಂದ ನೋಡಿದರೆ ಬಲಗಡೆ ಸ್ವಲ್ಪ ತರಚಿದ ಗುರುತು, ಅಷ್ಟೇ. ತಿರುಗಿಸಿ, ಒಳಗಿನ ಪ್ಯಾಡ್ ಕಿತ್ತು ನೋಡಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣುತ್ತದೆ. ಕಿವಿಯ ಮೇಲಿಂದ ಶುರುವಾಗಿ ಗಾಳಿಕಿಂಡಿಯವರೆಗೆ ಹೋಗಿದೆ. ಅದರ ಪಕ್ಕದಲ್ಲೇ ಹೆಬ್ಬೆರಳು ಕೂರುವಷ್ಟು ಜಾಗ ತಗ್ಗಾಗಿದೆ.

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ಸೈಕಲ್‌ನಿಂದ ಬಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಹೊಲದಿಂದ ರಸ್ತೆಗೆ ಹತ್ತಿದ ಯಾವುದೋ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಎರೆಮಣ್ಣಿನ ಹೆಂಟೆಗಳನ್ನು ಉದುರಿಸಿಕೊಂಡು ಹೋಗಿತ್ತು. ಒದ್ದೆ ಎರೆಮಣ್ಣು ಅಂದರೆ ಬೆಣ್ಣೆ. ಮುಂದಿನ ಚಕ್ರ ಜಾರಿದ್ದು ಗೊತ್ತಾಯಿತು, ಆಮೇಲೆ ತಲೆ ನೆಲಕ್ಕೆ ಬಡಿದ ಸದ್ದು ಕೇಳಿಸಿತು. ಮೊಣಕೈ ಚರ್ಮ ಕಿತ್ತು ಬಂದಿತ್ತು, ತೊಡೆ ತರಚಿತ್ತು. ತಲೆಗೆ ಒಂದು ಗೀರೂ ಇಲ್ಲ. ಆ ಹೆಲ್ಮೆಟ್‌ಗೆ ನಾನು ಕೊಟ್ಟಿದ್ದು 1,800 ರೂಪಾಯಿ.

ಆವತ್ತಿನಿಂದ ಕಲಬುರಗಿಯಲ್ಲಿ ಹೊಸದಾಗಿ ರೋಡ್ ಸೈಕಲ್ ಕೊಂಡವರು ಸಿಕ್ಕಾಗೆಲ್ಲ ನನ್ನನ್ನು ಕೇಳುವುದು ಒಂದೇ ಮಾತು. "ಸರ್, ಯಾವ ಹೆಲ್ಮೆಟ್ ತಗೊಳ್ಳಲ್ರಿ? ಭಾಳ ರೊಕ್ಕ ಹಾಕಬೇಕೇನ್ರಿ?" ಬೇಡ. ಆದರೆ ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅನ್ನುವುದು ಗೊತ್ತಿರಬೇಕು.

ಒಳಗೆ ಏನಿದೆ ಅಂತ ಮೊದಲು ತಿಳಿಯಿರಿ

ಸೈಕಲ್ ಹೆಲ್ಮೆಟ್‌ನಲ್ಲಿ ಕೆಲಸ ಮಾಡುವುದು ಹೊರಗಿನ ಹೊಳೆಯುವ ಪ್ಲಾಸ್ಟಿಕ್ ಅಲ್ಲ, ಒಳಗಿನ ಥರ್ಮಾಕೋಲ್. ಇಪಿಎಸ್ ಅನ್ನುತ್ತಾರೆ. ಟಿವಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ ಜಾತಿ, ಆದರೆ ಹೆಚ್ಚು ಗಟ್ಟಿ. ತಲೆ ನೆಲಕ್ಕೆ ಬಡಿದಾಗ ಇದು ಅಪ್ಪಚ್ಚಿಯಾಗುತ್ತದೆ. ಹಾಗೆ ಆಗುವುದಕ್ಕೆ ತಗಲುವ ಆ ಚೂರು ಸಮಯದಲ್ಲಿ ತಲೆ ಒಮ್ಮೆಲೇ ನಿಲ್ಲದೆ ಸ್ವಲ್ಪ ನಿಧಾನವಾಗಿ ನಿಲ್ಲುತ್ತದೆ. ಮಿದುಳಿಗೆ ಬೀಳುವ ಏಟು ಅಷ್ಟು ಕಮ್ಮಿ. ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಮೊದಲಿನ ಹಾಗೆ ಉಬ್ಬುವುದಿಲ್ಲ. ಅಂದರೆ ಸೈಕಲ್ ಹೆಲ್ಮೆಟ್ ಒಂದೇ ಏಟಿಗೆ.

ಇದು ಎಷ್ಟು ಉಪಯೋಗ? 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಅದರಲ್ಲಿ ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ಮಾಹಿತಿ ಇತ್ತು. ಹೆಲ್ಮೆಟ್ ಹಾಕಿದ್ದವರಲ್ಲಿ ಗಂಭೀರ ತಲೆಪೆಟ್ಟಿನ ಸಾಧ್ಯತೆ ಸುಮಾರು 69% ಕಡಿಮೆ ಅಂತ ಬಂತು. "ಹಿಂದಿನ ಕಾಲದ ರೇಸಿನವರು ಹಾಕ್ತಿದ್ರಾ?" ಅಂತ ಕೆಲವರು ಕೇಳುತ್ತಾರೆ. ದೊಡ್ಡ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯವಾಗಿದ್ದು 2003ರಲ್ಲಿ. ಆ ವರ್ಷ ಪ್ಯಾರಿಸ್-ನೀಸ್ ರೇಸಿನಲ್ಲಿ ಕಜಕಿಸ್ತಾನದ ಆಂದ್ರೆ ಕಿವಿಲೆವ್ ಹೆಲ್ಮೆಟ್ ಇಲ್ಲದೆ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೇಡಂ ಕಡೆಯ ಸಿಮೆಂಟ್ ಲಾರಿ ಗುದ್ದಿದರೆ ಯಾವ ಸೈಕಲ್ ಹೆಲ್ಮೆಟ್ಟೂ ಕಾಪಾಡುತ್ತದೆ ಅಂತ ಹೇಳಲಾಗದು. ಇದನ್ನು ಮಾಡಿರುವುದು ಸೈಕಲ್ ಮೇಲಿಂದ ತಲೆ ನೆಲಕ್ಕೆ ಬೀಳುವ ಎತ್ತರಕ್ಕೆ. ನಾವು ಬೀಳುವುದೂ ಹೆಚ್ಚಾಗಿ ಹಾಗೇ: ಹಂಪ್ ಕಾಣದೆ, ನಾಯಿ ಅಡ್ಡ ಬಂದು, ಮರಳಿನಲ್ಲಿ ಜಾರಿ.

ಚೀಟಿ ನೋಡದೆ ದುಡ್ಡು ಕೊಡಬೇಡಿ

ನಾನು ಮೊಟ್ಟಮೊದಲು ಕೊಂಡ ಹೆಲ್ಮೆಟ್ ಇದಲ್ಲ. ಅದಕ್ಕೂ ಮೊದಲು ಊರಿನ ಒಂದು ಅಂಗಡಿಯಲ್ಲಿ 600 ರೂಪಾಯಿಗೆ ಒಂದು ತಂದಿದ್ದೆ. ಒಳಗೆ ಚೀಟಿ ಇರಲಿಲ್ಲ. ಕೇಳಿದೆ. "ಅದೆಲ್ಲಾ ಯಾರ್ ನೋಡ್ತಾರ್ರಿ ಸರ್, ಮಾಲ್ ಛಲೋ ಅದ, ತಗೋರಿ" ಅಂದರು. ತಗೊಂಡೆ. ಮೂರನೇ ವಾರ ಗದ್ದದ ಕೆಳಗಿನ ಬಕಲ್ ಕೈಯಲ್ಲೇ ಮುರಿದು ಬಂತು. ಆ ಮೂರು ವಾರ ಅದನ್ನು ನಂಬಿಕೊಂಡು ಲಾರಿಗಳ ಪಕ್ಕ ಓಡಾಡಿದ್ದೆ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ಹೆಲ್ಮೆಟ್ ಕೈಗೆ ಬಂದ ತಕ್ಷಣ ತಿರುಗಿಸಿ. ಒಳಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಇವುಗಳಲ್ಲಿ ಯಾವುದಾದರೂ ಒಂದು ಇರಲೇಬೇಕು:

- ಇಎನ್ 1078: ಯುರೋಪಿನ ಮಾನದಂಡ. ನಮ್ಮಲ್ಲಿ ಹೆಚ್ಚು ಸಿಗುವುದು ಇದೇ.
- ಸಿಪಿಎಸ್‌ಸಿ: ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ್ದು.
- ಎಎಸ್/ಎನ್‌ಝಡ್‌ಎಸ್ 2063: ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನದು.

ಇಎನ್ 1078 ಪರೀಕ್ಷೆಯಲ್ಲಿ ಒಳಗೆ ಲೋಹದ ತಲೆ ಇಟ್ಟು ಹೆಲ್ಮೆಟ್ಟನ್ನು ಸಮತಟ್ಟಾದ ಕಬ್ಬಿಣದ ಮೇಲೆ ಬೀಳಿಸುತ್ತಾರೆ. ಬಡಿಯುವ ವೇಗ ಸೆಕೆಂಡಿಗೆ 5.42 ಮೀಟರ್. ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ. ಒಳಗಿನ ತಲೆಗೆ 250 ಜಿ, ಅಂದರೆ ಭೂಮಿಯ ಗುರುತ್ವದ 250 ಪಟ್ಟು, ದಾಟಿ ಏಟು ತಗಲಿದರೆ ನಪಾಸು. ಸಿಪಿಎಸ್‌ಸಿಯಲ್ಲಿ ಎರಡು ಮೀಟರ್ ಎತ್ತರದಿಂದ ಬೀಳಿಸುತ್ತಾರೆ, ಮಿತಿ 300 ಜಿ. ಗದ್ದದ ಪಟ್ಟಿ ಎಷ್ಟು ಹಿಗ್ಗುತ್ತದೆ, ತಲೆಯಿಂದ ಕಳಚಿ ಬೀಳುತ್ತದಾ ಅಂತಲೂ ನೋಡುತ್ತಾರೆ. ನನ್ನ 600 ರೂಪಾಯಿಯ ಬಕಲ್ ಆ ಪರೀಕ್ಷೆ ಕಂಡೇ ಇರಲಿಕ್ಕಿಲ್ಲ.

ಚೀಟಿಯಲ್ಲಿ ಮಾನದಂಡದ ಜತೆ ಸೈಜು, ತೂಕ, ತಯಾರಾದ ತಿಂಗಳು ಅಥವಾ ವರ್ಷ ಕೂಡ ಇರಬೇಕು. ಸುಮ್ನೆ 'ಸಿಇ' ಅನ್ನುವ ಯುರೋಪಿನ ಗುರುತಿನ ಎರಡು ಅಕ್ಷರ ಮಾತ್ರ ಇದ್ದು ಬೇರೇನೂ ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ. ಐಎಸ್‌ಐ ಗುರುತು ಎಲ್ಲಿ ಅಂತ ಹುಡುಕಬೇಡಿ. ಬೈಕ್ ಹೆಲ್ಮೆಟ್ ಮೇಲೆ ನಾವು ನೋಡುವ ಐಎಸ್ 4151 ಮೋಟಾರು ದ್ವಿಚಕ್ರ ವಾಹನಗಳಿಗೆ ಸೇರಿದ್ದು.

ಮನೆಯಲ್ಲಿ ಬೈಕ್ ಹೆಲ್ಮೆಟ್ ಇದೆಯಲ್ಲ, ಅದನ್ನೇ ಹಾಕಿಕೊಳ್ಳಬಾರದೇ ಅಂತ ಕೇಳುವವರಿದ್ದಾರೆ. ಅದು ಸುಮಾರು ಒಂದು ಕಿಲೋ ತೂಗುತ್ತದೆ. ಗಾಳಿ ಆಡುವುದಿಲ್ಲ. ರೋಡ್ ಸೈಕಲ್ ಮೇಲೆ ಬಗ್ಗಿ ಕೂತು ಮುಂದೆ ನೋಡಲು ಕತ್ತು ಎತ್ತಿದರೆ ಹಿಂದಿನ ಅಂಚು ಬೆನ್ನಿಗೆ ತಾಗುತ್ತದೆ. ಬೇಡ.

ತಲೆ ಅಳೆಯಿರಿ

ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪು ಇದ್ದರೆ ತಗೊಳ್ಳಿ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು, ಕಿವಿಯ ಮೇಲಿಂದ ಹಾಯಿಸಿ, ಹಿಂದೆ ತಲೆ ಅತಿ ಹೆಚ್ಚು ಉಬ್ಬಿರುವ ಕಡೆ ಸುತ್ತಿ. ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿಗೆ ಹಿಡಿಯಿರಿ. ಮೂರು ಸಲ ಅಳೆಯಿರಿ, ದೊಡ್ಡದನ್ನು ಇಟ್ಟುಕೊಳ್ಳಿ. ನನ್ನದು 57 ಸೆಂಟಿಮೀಟರ್.

ಕಂಪನಿಯಿಂದ ಕಂಪನಿಗೆ ಸೈಜು ಬದಲಾಗುತ್ತದೆ. ಸಾಮಾನ್ಯವಾಗಿ 55ರಿಂದ 59 ಮೀಡಿಯಂ, ಅದಕ್ಕಿಂತ ಕೆಳಗೆ ಸ್ಮಾಲ್, ಮೇಲೆ ಲಾರ್ಜ್. ನಿಮ್ಮ ಅಳತೆ ಎರಡು ಸೈಜಿನ ಗಡಿಯಲ್ಲಿ ಬಂದರೆ ಎರಡನ್ನೂ ಹಾಕಿ ನೋಡದೆ ನಿರ್ಧಾರ ಮಾಡಬೇಡಿ.

ಅಳತೆ ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ತಲೆಯ ಆಕಾರವೂ ಬೇರೆ ಬೇರೆ. ಕೆಲವರದು ಗುಂಡು, ಕೆಲವರದು ಹಿಂದೆ ಮುಂದೆ ಉದ್ದ. ಗುಂಡು ತಲೆಯವರು ಉದ್ದ ಅಚ್ಚಿನ ಹೆಲ್ಮೆಟ್ ಹಾಕಿದರೆ ಕಿವಿಯ ಮೇಲೆ ಎರಡೂ ಕಡೆ ಹಿಂಡುತ್ತದೆ, ಹಣೆಯ ಹತ್ತಿರ ಖಾಲಿ ಉಳಿಯುತ್ತದೆ. ಉದ್ದ ತಲೆಯವರಿಗೆ ಗುಂಡು ಅಚ್ಚಿನದು ಹಣೆಗೆ ಒತ್ತುತ್ತದೆ, ಪಕ್ಕದಲ್ಲಿ ಅಲ್ಲಾಡುತ್ತದೆ. ನನ್ನ ಜತೆ ಓಡಿಸುವ ಒಬ್ಬ ಗೆಳೆಯರು ಏಳು ಸಾವಿರದ ಹೆಲ್ಮೆಟ್ ಆನ್‌ಲೈನ್‌ನಲ್ಲಿ ತರಿಸಿದ್ದರು. ಅರ್ಧ ಗಂಟೆಗೆ ಕಿವಿಯ ಮೇಲೆ ನೋವು. ಒಂದು ತಿಂಗಳಾದ ಮೇಲೆ ಅದು ಹ್ಯಾಂಡಲ್‌ಗೆ ನೇತಾಡತೊಡಗಿತು. ಈಗ ಎರಡು ಸಾವಿರದ್ದು ಹಾಕುತ್ತಾರೆ, ದಿನಾ ಹಾಕುತ್ತಾರೆ.

ಅಂಗಡಿಯಲ್ಲಿ ಹತ್ತು ನಿಮಿಷ

ಇಲ್ಲಿ ಅವಸರ ಮಾಡಬೇಡಿ. ಅಂಗಡಿಯವರು ಮುಖ ನೋಡಿದರೂ ಪರವಾಗಿಲ್ಲ.

ಹೆಲ್ಮೆಟ್ ಸಮತಟ್ಟಾಗಿ ಕೂರಬೇಕು. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ. ನಮ್ಮೂರಲ್ಲಿ ಬಹಳ ಜನ ಅದನ್ನು ಹಿಂದಕ್ಕೆ ತಳ್ಳಿ, ಟೋಪಿ ಹಾಕಿದ ಹಾಗೆ ಹಾಕುತ್ತಾರೆ. ಹಣೆ ಪೂರ್ತಿ ಬಯಲು. ಮುಂದಕ್ಕೆ ಬಿದ್ದರೆ ಮೊದಲು ತಾಗುವುದು ಹಣೆಯೇ ಅಲ್ವಾ?

ಈಗ ಪಟ್ಟಿ ಹಾಕಬೇಡಿ. ಹಿಂದೆ ಇರುವ ತಿರುಪನ್ನು ಮೆಲ್ಲಗೆ ತಿರುಗಿಸಿ, ಹಿತವಾಗಿ ಬಿಗಿಯಾಗುವವರೆಗೆ. ತಲೆ ಬಗ್ಗಿಸಿ, ನೆಲ ನೋಡುತ್ತಾ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಬಿದ್ದರೆ ಆ ಸೈಜು ಅಥವಾ ಆ ಅಚ್ಚು ನಿಮ್ಮದಲ್ಲ. ಬೀಳದಿದ್ದರೆ ಎರಡೂ ಕೈಯಲ್ಲಿ ಹಿಡಿದು ಹೆಲ್ಮೆಟ್ ತಿರುಗಿಸಲು ನೋಡಿ. ಹಣೆಯ ಚರ್ಮ ಅದರ ಜತೆಗೇ ಸರಿಯಬೇಕು. ಚರ್ಮ ಇದ್ದಲ್ಲೇ ಇದ್ದು ಹೆಲ್ಮೆಟ್ ಮಾತ್ರ ಜಾರಿದರೆ ಸಡಿಲ.

ಆಮೇಲೆ ಪಟ್ಟಿ. ಎರಡು ಪಟ್ಟಿ ಸೇರುವ ಜಾಗ ಕಿವಿಯ ಹಾಲೆಯ ಸ್ವಲ್ಪ ಕೆಳಗೆ ಬರಬೇಕು, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ. ಗದ್ದದ ಕೆಳಗೆ ಒಂದು ಬೆರಳು, ಹೆಚ್ಚೆಂದರೆ ಎರಡು ಹೋಗಬೇಕು. ಆಕಳಿಸುವ ಹಾಗೆ ಬಾಯಿ ದೊಡ್ಡದಾಗಿ ತೆರೆಯಿರಿ. ಹೆಲ್ಮೆಟ್ ತಲೆಯನ್ನು ಕೆಳಕ್ಕೆ ಎಳೆದ ಹಾಗೆ ಅನಿಸಬೇಕು. ಅನಿಸದಿದ್ದರೆ ಇನ್ನೂ ಬಿಗಿ ಮಾಡಿ. ಕೊನೆಗೆ ಅಂಗೈಯಿಂದ ಮುಂದಿನ ಅಂಚನ್ನು ಮೇಲಕ್ಕೆ ನೂಕಿ, ಹಿಂದಿನ ಅಂಚನ್ನೂ ನೂಕಿ. ಅದು ಹಿಂದಕ್ಕೋ ಮುಂದಕ್ಕೋ ಮಗುಚಿಕೊಳ್ಳಬಾರದು.

ಹಾಗೇ ಹತ್ತು ನಿಮಿಷ ಇಟ್ಟುಕೊಂಡು ಅಂಗಡಿಯಲ್ಲೇ ಓಡಾಡಿ. ತೆಗೆದು ಕನ್ನಡಿಯಲ್ಲಿ ಹಣೆ ನೋಡಿ. ಉದ್ದಕ್ಕೂ ತಿಳಿಯಾದ ಗುರುತು ಇದ್ದರೆ ಸರಿ. ಒಂದೇ ಕಡೆ ಕೆಂಪು ಚುಕ್ಕೆ ಬಿದ್ದಿದ್ದರೆ ಅದು ಎರಡು ಗಂಟೆಯ ಸವಾರಿಯಲ್ಲಿ ತಲೆನೋವಾಗುತ್ತದೆ.

ನೀವು ಕನ್ನಡಕ ಹಾಕುವವರಾದರೆ ಅದನ್ನೂ ಹಾಕಿ ನೋಡಿ, ಕಡ್ಡಿ ಹಿಂದಿನ ಪಟ್ಟಿಗೆ ತಾಗಬಾರದು. ಜಡೆ ಹಾಕುವ ಹುಡುಗಿಯರು ಓಡಿಸುವಾಗ ಹೇಗೆ ಜಡೆ ಹಾಕುತ್ತೀರೋ ಹಾಗೇ ಹಾಕಿಕೊಂಡು ಹೋಗಿ. ತುರುಬು ಮೇಲಿದ್ದರೆ ಹೆಲ್ಮೆಟ್ ಕೂರುವುದಿಲ್ಲ. ಕೆಳಗೆ, ಕತ್ತಿನ ಹತ್ತಿರ ಕಟ್ಟಿದ ಜಡೆ ತಿರುಪಿನ ಕೆಳಗಿನಿಂದ ಹೊರಗೆ ಬರುತ್ತದೆ.

ನಮ್ಮ ಬಿಸಿಲಿಗೆ ಏನು ನೋಡಬೇಕು

ಬೆಂಗಳೂರಿನವರು ಬರೆದ ಸಲಹೆ ಓದಿ ಕಲಬುರಗಿಯಲ್ಲಿ ಹೆಲ್ಮೆಟ್ ಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಬೆಳಗ್ಗೆ ಐದೂವರೆಗೆ ಹೊರಟು, ಬುದ್ಧ ವಿಹಾರ ದಾಟಿ, ವಿಮಾನ ನಿಲ್ದಾಣದ ಗೇಟಿನವರೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ಗಾಳಿ ಆಡದ ಹೆಲ್ಮೆಟ್ ಇದ್ದರೆ ಅದನ್ನು ತೆಗೆದು ಹ್ಯಾಂಡಲ್‌ಗೆ ಸಿಕ್ಕಿಸುವ ಮನಸ್ಸಾಗುತ್ತದೆ. ಆದ್ದರಿಂದ ಗಾಳಿ ನಮ್ಮ ಕಡೆ ಶೋಕಿಯಲ್ಲ, ಸುರಕ್ಷತೆಯ ಮಾತು.

ಎಷ್ಟು ಕಿಂಡಿ ಇವೆ ಅಂತ ಎಣಿಸುವುದಕ್ಕಿಂತ ಒಳಗೆ ನೋಡಿ. ಹಣೆಯ ಮೇಲಿನ ದೊಡ್ಡ ಕಿಂಡಿಯಿಂದ ಹಿಂದಿನ ಕಿಂಡಿಯವರೆಗೆ ಥರ್ಮಾಕೋಲಿನಲ್ಲಿ ಕಾಲುವೆಯ ಹಾಗೆ ತೋಡಿರಬೇಕು. ಮುಂದೆ ನುಗ್ಗಿದ ಗಾಳಿ ಆ ಕಾಲುವೆಯಲ್ಲಿ ಹರಿದು ಹಿಂದೆ ಹೋಗಬೇಕು. 24 ಕಿಂಡಿ ಇದ್ದು ಒಳಗೆ ಕಾಲುವೆ ಇಲ್ಲದಿದ್ದರೆ ಪ್ರಯೋಜನ ಕಮ್ಮಿ.

ಏರೋ ಅಂತ ಕಿಂಡಿ ಮುಚ್ಚಿದ, ನುಣುಪಾದ ಹೆಲ್ಮೆಟ್‌ಗಳು ಬರುತ್ತವೆ. ನೋಡಲು ಚಂದ. ಅವು ರೇಸಿನ ವೇಗಕ್ಕೆ ಮಾಡಿದವು. ಗಂಟೆಗೆ 22-25 ಕಿಲೋಮೀಟರಿನಲ್ಲಿ ಹೋಗುವ ನಮಗೆ ಸಿಗುವ ಲಾಭ ತೀರಾ ಕಡಿಮೆ, ಬೆವರು ಮಾತ್ರ ಜಾಸ್ತಿ. ಅದಕ್ಕೆ ದುಡ್ಡು ಹಾಕಬೇಡಿ. ಮುಂದೆ ಛಜ್ಜಾ ಇರುವುದನ್ನೂ ರೋಡ್ ಸೈಕಲ್‌ಗೆ ಬಿಡಿ, ಬಗ್ಗಿ ಕೂತಾಗ ಅದು ಮುಂದಿನ ರಸ್ತೆಯನ್ನು ಮರೆಮಾಡುತ್ತದೆ. ಬಿಸಿಲಿಗೆ ಕೆಳಗೊಂದು ತೆಳ್ಳನೆಯ ಸೈಕಲ್ ಕ್ಯಾಪ್ ಸಾಕು. ದಪ್ಪ ರುಮಾಲು, ಉಣ್ಣೆ ಟೋಪಿ ಬೇಡ.

ಬಣ್ಣ ಬಿಳಿಯದೋ, ಎದ್ದು ಕಾಣುವ ಹಳದಿಯದೋ ಇರಲಿ. ನಸುಕಿನಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಬರುವ ಆಳಂದ ರಸ್ತೆಯಲ್ಲಿ ಕಪ್ಪು ಹೆಲ್ಮೆಟ್ ಯಾರಿಗೂ ಕಾಣುವುದಿಲ್ಲ.

ದುಡ್ಡು ಎಲ್ಲಿಯವರೆಗೆ

ನಾನು ನೋಡಿದ ಹಾಗೆ, ಮಾನದಂಡದ ಚೀಟಿ ಇರುವ, ಹಗುರವಾದ, ಗಾಳಿ ಚೆನ್ನಾಗಿ ಆಡುವ ರೋಡ್ ಹೆಲ್ಮೆಟ್ 1,500ರಿಂದ 3,000 ರೂಪಾಯಿ ಒಳಗೆ ಸಿಗುತ್ತದೆ. ಬಹುಪಾಲು ಜನರಿಗೆ ಇದೇ ಸಾಕು. ಈ ಬೆಲೆಗೆ ಎರಡು ವಿಷಯ ಕೇಳಿ ಪಡೆಯಿರಿ. ಒಂದು, ಇನ್-ಮೋಲ್ಡ್ ಆಗಿರಬೇಕು. ಅಂದರೆ ಹೊರಗಿನ ಚಿಪ್ಪು, ಒಳಗಿನ ಥರ್ಮಾಕೋಲ್ ಒಂದೇ ಅಚ್ಚಿನಲ್ಲಿ ಬೆಸೆದುಕೊಂಡಿರಬೇಕು. ಅಂಚಿನಲ್ಲಿ ಉಗುರು ಹಾಕಿ ನೋಡಿ, ಚಿಪ್ಪು ಮೇಲೇಳುತ್ತಿದ್ದರೆ ಅದು ಅಂಟಿಸಿದ್ದು. ಎರಡು, ತೂಕ 300 ಗ್ರಾಂ ಆಸುಪಾಸು ಇರಲಿ.

ಮೂರು ಸಾವಿರದ ಮೇಲೆ ಕೊಡುವ ದುಡ್ಡು ಹೆಚ್ಚಾಗಿ ಹೋಗುವುದು ತೂಕ ಇಳಿಸುವುದಕ್ಕೆ, ಗಾಳಿಗೆ, ಅಂದಕ್ಕೆ. 300 ಗ್ರಾಂನಿಂದ 250ಕ್ಕೆ ಇಳಿಯಲು ಎರಡು ಪಟ್ಟು ಕೊಡಬೇಕಾಗಬಹುದು. ಆ 50 ಗ್ರಾಂ ವಿಜಯಪುರದವರೆಗೆ ಓಡಿಸುವ ದಿನ ಕತ್ತಿಗೆ ಗೊತ್ತಾದೀತು. ದಿನದ ಮೂವತ್ತು ಕಿಲೋಮೀಟರಿಗೆ ಗೊತ್ತಾಗುವುದಿಲ್ಲ. ಬೆಲೆ ಏರಿದಷ್ಟು ರಕ್ಷಣೆ ಏರುವುದಿಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 2018ರಿಂದ ಸೈಕಲ್ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ನಕ್ಷತ್ರ ಕೊಡುತ್ತಾರೆ. ಅವರ ಪಟ್ಟಿಯಲ್ಲಿ ಅಗ್ಗದ ಹೆಲ್ಮೆಟ್‌ಗಳು ಐದು ನಕ್ಷತ್ರ ಪಡೆದದ್ದಿದೆ, ದುಬಾರಿಯವು ಅವುಗಳಿಗಿಂತ ಕೆಳಗೆ ನಿಂತದ್ದೂ ಇದೆ. ಕೊಳ್ಳುವ ಮೊದಲು ನಿಮ್ಮ ಮಾಡೆಲ್ ಅಲ್ಲಿದೆಯಾ ನೋಡಿಕೊಳ್ಳಿ, ಪುಕ್ಕಟೆ ಸಿಗುವ ಮಾಹಿತಿ.

ಒಂದಕ್ಕೆ ಮಾತ್ರ ಸ್ವಲ್ಪ ಹೆಚ್ಚು ಕೊಡಬಹುದು: ಮಿಪ್ಸ್. ಸ್ವೀಡನ್ನಿನಲ್ಲಿ ಹುಟ್ಟಿದ ತಂತ್ರ ಇದು. ಬಿದ್ದಾಗ ತಲೆ ನೇರವಾಗಿ ಬಡಿಯುವುದು ಕಡಿಮೆ, ಓರೆಯಾಗಿ ಉಜ್ಜಿಕೊಂಡು ಬಡಿಯುವುದೇ ಹೆಚ್ಚು. ಆಗ ತಲೆ ಗಕ್ಕನೆ ತಿರುಗುತ್ತದೆ. ಮಿದುಳಿಗೆ ಆ ತಿರುವು ಕೆಟ್ಟದ್ದು. ಹೆಲ್ಮೆಟ್ ಒಳಗೆ ಒಂದು ತೆಳ್ಳನೆಯ ಜಾರುವ ಪದರ ಇಟ್ಟಿರುತ್ತಾರೆ, ಬಹಳ ಸಲ ಹಳದಿ ಬಣ್ಣದ್ದು. ಏಟು ಬಿದ್ದಾಗ ಅದು 10ರಿಂದ 15 ಮಿಲಿಮೀಟರ್ ಜಾರಿ ಆ ತಿರುವನ್ನು ಕಡಿಮೆ ಮಾಡುತ್ತದೆ. ಬಜೆಟ್ ನಾಲ್ಕೈದು ಸಾವಿರ ಇದ್ದರೆ ಕಾರ್ಬನ್ ಅಂದದ ಬದಲು ಇದನ್ನು ಕೇಳಿ. ಆದರೆ ಸರಿ ಕೂರದ ಮಿಪ್ಸ್ ಹೆಲ್ಮೆಟ್ಟಿಗಿಂತ ಸರಿ ಕೂರುವ ಸಾದಾ ಹೆಲ್ಮೆಟ್ಟೇ ಮೇಲು.

ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸು ಮಾಡುವ ಅವಕಾಶ ಇರುವಲ್ಲೇ ತರಿಸಿ. ಹದಿನೈದು ಸಾವಿರದ ಹೆಸರಾಂತ ಹೆಲ್ಮೆಟ್ ಎರಡು ಸಾವಿರಕ್ಕೆ ಅಂತ ಕಂಡರೆ ಅದು ನಕಲಿ ಅಂತಲೇ ತಿಳಿಯಿರಿ. ಬೇರೆಯವರು ಹಾಕಿದ ಹಳೇ ಹೆಲ್ಮೆಟ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಬಿದ್ದಿತ್ತೋ ಇಲ್ಲವೋ ನಿಮಗೆ ಹೇಗೆ ಗೊತ್ತು?

ತಂದ ಮೇಲೆ

ಕಾರಿನಲ್ಲಿ ಬಿಡಬೇಡಿ. ನಮ್ಮ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ದಾಟುವುದು ಸುಲಭ. ಆ ಕಾವಿಗೆ ಥರ್ಮಾಕೋಲೂ ಅಂಟೂ ಹಾಳಾಗುತ್ತವೆ. ಚಿಪ್ಪಿನ ಮೇಲೆ ಗುಳ್ಳೆ ಎದ್ದಿದ್ದರೆ ಹೆಲ್ಮೆಟ್ ಮುಗಿಯಿತು. ಒರೆಸಲು ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ಥರ್ಮಾಕೋಲ್ ಕರಗುತ್ತದೆ. ಪ್ಯಾಡ್ ತೆಗೆದು ಸ್ನಾನದ ಸಾಬೂನಿನಲ್ಲಿ ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿ. ಪಟ್ಟಿಯ ಮೇಲೆ ಬಿಳಿ ಉಪ್ಪು ಕೂತಿರುತ್ತದೆ, ಅದನ್ನೂ ತೊಳೆಯಿರಿ.

ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 5ರಿಂದ 10 ವರ್ಷಕ್ಕೊಮ್ಮೆ ಹೆಲ್ಮೆಟ್ ಬದಲಿಸಿ ಅನ್ನುತ್ತದೆ. ಕಲಬುರಗಿಯ ಕಾವು, ಬೆವರು ನೋಡಿ ನಾನು ಐದಕ್ಕೇ ಬದಲಿಸುತ್ತೇನೆ. ಅದನ್ನು ಹಾಕಿಕೊಂಡು ತಲೆ ಬಡಿದು ಬಿದ್ದರೆ ಮಾತ್ರ ಒಂದು ದಿನವೂ ಕಾಯಬಾರದು, ಹೊರಗೆ ಏನೂ ಕಾಣದಿದ್ದರೂ.

ಬಿದ್ದ ಹೆಲ್ಮೆಟ್ಟನ್ನು ಹಾಗೇ ಎಸೆಯಬೇಡಿ. ಕತ್ತರಿಯಿಂದ ಎರಡೂ ಪಟ್ಟಿ ಕತ್ತರಿಸಿ, ಒಳಗೆ ಮಾರ್ಕರಿನಿಂದ ದೊಡ್ಡದಾಗಿ ಗೀಟು ಹಾಕಿ. ಇಲ್ಲದಿದ್ದರೆ ಯಾರೋ ಎತ್ತಿಕೊಂಡು ಹಾಕಿಕೊಳ್ಳುತ್ತಾರೆ. ನಮ್ಮ ಓಣಿಗೆ ಸೈಕಲ್ ಮೇಲೆ ಹಾಲು ತರುವ ಹುಡುಗ ಮೇಜಿನ ಮೇಲಿದ್ದದ್ದನ್ನು ನೋಡಿ, "ಕಾಕಾ, ನಿಮಗ ಬ್ಯಾಡಾದ್ರ ನನಗ ಕೊಡ್ರಿ" ಅಂದ. ಪ್ಯಾಡ್ ಕಿತ್ತು ಬಿರುಕು ತೋರಿಸಿದೆ. ಬೆರಳಿಟ್ಟು ನೋಡಿದ. ಟೇಪು ತಂದು ಅವನ ತಲೆ ಅಳೆದೆ. 54 ಬಂತು.